ಶ್ರೀಲಂಕಾದಲ್ಲಿ 6 ರಾತ್ರಿ ಒಂದೇ ಕಡೆ, ಸಮುದ್ರದ ಪಕ್ಕ ಸುಮ್ನೆ ಇರೋದು ತಪ್ಪಾ?

ಹನುಮಂತನಗರದ ಸೊಸೆ (ಫೆಬ್ರವರಿ 8, ರಾತ್ರಿ 10.40)

ಎಲ್ಲರಿಗೂ ನಮಸ್ಕಾರ. ಮನೆಯಲ್ಲಿ ಒಂದು ವಾರದಿಂದ ಇದೇ ಮಾತು, ಇನ್ನೂ ತೀರ್ಮಾನ ಆಗಿಲ್ಲ. ನೀವಾದರೂ ಹೇಳಿ.

ಏಪ್ರಿಲ್ 10ರಿಂದ 16ರವರೆಗೆ ಶ್ರೀಲಂಕಾಕ್ಕೆ ಹೋಗೋಣ ಅಂತ ಇದ್ದೇವೆ. ನಾನು, ಯಜಮಾನರು, ಅತ್ತೆ, ಮಾವ, ಮಗಳು (13), ಮಗ (7). ಗಾಲೆ ಊರಿನ ಪಕ್ಕದಲ್ಲಿ ಉಣವಟುನ ಅಂತ ಒಂದು ಕಡಲತೀರ. ಅಲ್ಲಿ ಒಂದು ಸಂಸಾರ ತಮ್ಮ ಮನೆಯ ಕೆಳಗಿನ ಎರಡು ರೂಮು ಬಾಡಿಗೆಗೆ ಕೊಡುತ್ತಾರೆ. 6 ರಾತ್ರಿಯೂ ಅಲ್ಲೇ. ಬೆಳಿಗ್ಗೆ ಏಳೋದು, ಸಮುದ್ರ ನೋಡೋದು, ತಿನ್ನೋದು, ಮಲಗೋದು. ನನ್ನ ಪ್ಲಾನು ಇಷ್ಟೇ.

ನಾದಿನಿಯ ಗಂಡ ಕೇಳಿ ನಕ್ಕರು. "ಕ್ಯಾಂಡಿ ಇಲ್ಲ, ಸಿಗಿರಿಯಾ ಇಲ್ಲ, ನುವರ ಎಲಿಯ ಇಲ್ಲ. ಹಾಗಾದ್ರೆ ಮಲ್ಪೆಗೇ ಹೋಗಿ" ಅಂದರು. ಈಗ ಮಾವನೂ ಅವರ ಕಡೆ. ಮಾವ ಎಚ್‌ಎಂಟಿ ಗಡಿಯಾರ ಕಾರ್ಖಾನೆಯಲ್ಲಿ 34 ವರ್ಷ ಕೆಲಸ ಮಾಡಿದವರು. ಇವತ್ತಿಗೂ ಬೆಳಿಗ್ಗೆ 5.10ಕ್ಕೆ ಹಾಲಿನ ಬೂತಿನ ಮುಂದೆ ಇರುತ್ತಾರೆ. ಸುಮ್ನೆ ಕೂರೋದು ಅಂದರೆ ಅವರಿಗೆ ಶಿಕ್ಷೆ. ಅತ್ತೆಗೆ ಮಂಡಿನೋವು, ಮೀನು ಮೊಟ್ಟೆ ಎರಡೂ ಇಲ್ಲ.

ಒಂದೇ ಕಡೆ 6 ರಾತ್ರಿ ಬೇಜಾರಾಗುತ್ತಾ? ಅತ್ತೆಗೆ ಊಟ ಸಿಗುತ್ತಾ? ಹೋಗಿ ಬಂದವರು ಹೇಳಿ.

ಟೂರ್ ತಿಮ್ಮ

ನಿಮ್ಮ ನಾದಿನಿಯ ಗಂಡ ಹೇಳಿದ್ದೇ ಸರಿ. ನಾವು 5 ದಿನದಲ್ಲಿ ಕೊಲಂಬೊ, ಪಿನ್ನವಲ ಆನೆ, ಕ್ಯಾಂಡಿ, ನುವರ ಎಲಿಯ, ಸೀತಾ ದೇವಸ್ಥಾನ, ಎಲ್ಲ ಅನ್ನೋ ಊರಿನ ಸೇತುವೆ, ಗಾಲೆ, ಬೆಂತೋಟ ಎಲ್ಲಾ ಮುಗಿಸಿದೆವು. ಕೊಟ್ಟ ದುಡ್ಡು ವಸೂಲಾಗಬೇಕು ತಾನೆ?

ಚಾಮರಾಜಪೇಟೆ ಚುರುಮುರಿ

ತಿಮ್ಮಣ್ಣ, ಅದರಲ್ಲಿ ಬಸ್ಸಿನ ಸೀಟು ಬಿಟ್ಟು ಬೇರೆ ಏನು ನೆನಪಿದೆ ನಿಮಗೆ?

ಟೂರ್ ತಿಮ್ಮ

1,400 ಫೋಟೋ ಇವೆ.

ಎರಡು ಮಕ್ಕಳ ತಾಯಿ

ಸೊಸೆಯವರೇ, ದಯವಿಟ್ಟು ಒಂದೇ ಕಡೆ ಇರಿ. ಎರಡು ವರ್ಷದ ಹಿಂದೆ ನಾವು ಥೈಲ್ಯಾಂಡಿನಲ್ಲಿ 7 ದಿನಕ್ಕೆ 4 ಹೋಟೆಲ್ ಬದಲಿಸಿದೆವು. ದಿನಾ ಬೆಳಿಗ್ಗೆ ಒದ್ದೆ ಈಜುಡುಗೆ ಪ್ಲಾಸ್ಟಿಕ್ ಕವರಿಗೆ ತುಂಬೋದೇ ಕೆಲಸ. ಕೊನೆಯ ಎರಡು ರಾತ್ರಿ ಕ್ರಾಬಿಯಲ್ಲಿ ಏನೂ ಮಾಡದೆ ಮರಳಲ್ಲಿ ಕೂತಿದ್ದೆವು. ಇವತ್ತಿಗೂ ಮಕ್ಕಳು ಆ ಎರಡು ದಿನದ ಕಥೆಯನ್ನೇ ಹೇಳುತ್ತಾರೆ, ಮಿಕ್ಕ ಐದು ದಿನದ ಸುದ್ದಿ ಎತ್ತೋದಿಲ್ಲ.

ಇನ್ನೊಂದು ಮಾತು. ಮಕ್ಕಳ ಪಾಸ್‌ಪೋರ್ಟ್ ಇವತ್ತೇ ತೆಗೆದು ನೋಡಿ. ದೊಡ್ಡವರದು 10 ವರ್ಷ, ಮಕ್ಕಳದು 5 ವರ್ಷಕ್ಕೇ ಮುಗಿಯುತ್ತೆ. ಹೋಗುವ ದಿನದಿಂದ ಇನ್ನೂ 6 ತಿಂಗಳು ಬಾಕಿ ಇರಬೇಕು. ನಾವು ಇದರಲ್ಲೇ ಸಿಕ್ಕಿಬಿದ್ದಿದ್ದೆವು.

ಹನುಮಂತನಗರದ ಸೊಸೆ

ಅಯ್ಯೋ. ಈಗ ನೋಡಿದೆ. ಮಗಂದು ಜೂನ್‌ಗೆ ಮುಗಿಯುತ್ತೆ!! ನಾಳೆಯೇ ಅರ್ಜಿ ಹಾಕುತ್ತೇವೆ. ನಿಮಗೆ ಎಷ್ಟು ಥ್ಯಾಂಕ್ಸ್ ಹೇಳಿದರೂ ಸಾಲದು.

ಕುಂದಾಪ್ರದೋನು

ಬೆಂಗಳೂರಿನವರಿಗೆ ನನ್ನದೊಂದು ಪ್ರಶ್ನೆ. ಮರವಂತೆಯಲ್ಲಿ ರಸ್ತೆಯ ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಸೌಪರ್ಣಿಕಾ ನದಿ. ಪಡುಬಿದ್ರಿ, ಹೊನ್ನಾವರದ ಕಾಸರಕೋಡು ಎರಡಕ್ಕೂ 2020ರಲ್ಲೇ ಬ್ಲೂ ಫ್ಲ್ಯಾಗ್, ಅಂದರೆ ಶುಚಿಯಾದ ಬೀಚಿಗೆ ಕೊಡುವ ಮಾನ್ಯತೆ, ಬಂದಿದೆ. ಇಷ್ಟೆಲ್ಲಾ ಇಟ್ಟುಕೊಂಡು ಪಾಸ್‌ಪೋರ್ಟ್ ಹಿಡಿದು ಯಾಕೆ ಓಡಬೇಕು?

ಸಿಲ್ಕ್‌ಬೋರ್ಡ್ ಸಂತ್ರಸ್ತ

ನಾನು ಹೇಳುತ್ತೇನೆ ಕೇಳಿ. ಕೆಂಪೇಗೌಡ ವಿಮಾನ ನಿಲ್ದಾಣದಿಂದ ಕೊಲಂಬೊಗೆ ಹಾರೋದಕ್ಕೆ ಒಂದೂವರೆ ಗಂಟೆ. ಶಿರಾಡಿಯೋ ಚಾರ್ಮಾಡಿಯೋ ಇಳಿದು ಮರವಂತೆ ಮುಟ್ಟೋದಕ್ಕೆ ಒಂದಿಡೀ ದಿನ. ಹಾಗಂತ ನಮ್ಮ ಮನೆಯಿಂದ ಏರ್‌ಪೋರ್ಟಿಗೆ ಎಷ್ಟು ಹೊತ್ತು ಅಂತ ಮಾತ್ರ ಕೇಳಬೇಡಿ, ಅದು ಬೇರೆ ದೇಶ.

ಕುಂದಾಪ್ರದೋನು

ರೈಲು ಅಂತ ಒಂದಿದೆ. ರಾತ್ರಿ ಹತ್ತಿದರೆ ಬೆಳಿಗ್ಗೆ ಊರು.

ಸಿಲ್ಕ್‌ಬೋರ್ಡ್ ಸಂತ್ರಸ್ತ

ರಜೆಯಲ್ಲಿ ಅದಕ್ಕೆ ಟಿಕೆಟ್ ಸಿಕ್ಕಿದವರು ಕೈ ಎತ್ತಿ.

ಮಲ್ಲೇಶ್ವರ 8ನೇ ಕ್ರಾಸ್

ಇಲ್ಲಿ ಯಾರೂ ಕೈ ಎತ್ತಿಲ್ಲ.

ಬೈಟೂ ಕಾಫಿ

ವಿಷಯಕ್ಕೆ ಬರೋಣ. ಊಟದ ಬಗ್ಗೆ ನಾನು ಹೇಳಬಲ್ಲೆ, ನಾವೂ ಸಸ್ಯಾಹಾರಿಗಳು, ಮಿರಿಸ್ಸದಲ್ಲಿ 4 ದಿನ ಇದ್ದೆವು.

ಲಂಕಾದಲ್ಲಿ ಸಸ್ಯಾಹಾರಿಗಳಿಗೆ ಹೊಟ್ಟೆ ತುಂಬುತ್ತೆ, ಆದರೆ ಒಂದು ಕಡೆ ಹುಷಾರಾಗಿರಬೇಕು. ಅವರ ತೆಂಗಿನಕಾಯಿ ಚಟ್ನಿಗೆ ಪೊಲ್ ಸಂಬೋಲ ಅನ್ನುತ್ತಾರೆ. ನೋಡಿದರೆ ನಮ್ಮ ಕೆಂಪು ಚಟ್ನಿಯೇ. ಅದರಲ್ಲಿ ಉಂಬಲಕಡ ಅಂತ ಒಣಮೀನಿನ ಚೂರು ಹಾಕಿರುತ್ತಾರೆ. ಎಷ್ಟೋ ಸಲ ತರಕಾರಿ ಪಲ್ಯದಲ್ಲೂ ಇರುತ್ತೆ. ಅವರಿಗೆ ಅದು ಒಗ್ಗರಣೆಗೆ ಸಾಸಿವೆ ಹಾಕಿದ ಹಾಗೆ, ಮೀನು ಅಂತ ಲೆಕ್ಕವೇ ಇಲ್ಲ. "ವೆಜ್ ತಾನೆ?" ಅಂತ ಕೇಳಿದರೆ "ಹೌದು" ಅಂದೇ ಬಿಡುತ್ತಾರೆ. ಅದಕ್ಕೇ "ಮಾಳು ಎಪಾ, ಉಂಬಲಕಡ ಎಪಾ" ಅನ್ನಿ. ಮಾಳು ಅಂದರೆ ಮೀನು, ಎಪಾ ಅಂದರೆ ಬೇಡ.

ಮಿಕ್ಕಿದ್ದೆಲ್ಲ ನಮ್ಮ ಮನೆ ಊಟದ ಹಾಗೇ. ಇಡಿಯಾಪ್ಪ ಅಂದರೆ ನಮ್ಮ ಒತ್ತು ಶಾವಿಗೆ. ಪರಿಪ್ಪು ಅಂದರೆ ತೆಂಗಿನ ಹಾಲು ಹಾಕಿದ ಬೇಳೆ. ಎಳೆ ಹಲಸಿನಕಾಯಿಯ ಪೊಲೊಸ್ ಅಂತ ಒಂದು ಪದಾರ್ಥ ಇದೆ, ಬಿಡಬೇಡಿ. ಗೊಟುಕೊಲ ಅಂತ ಸೊಪ್ಪು ಹೆಚ್ಚಿ ತೆಂಗಿನ ತುರಿ ಹಾಕಿ ಕೊಡುತ್ತಾರೆ. ತಿಂದ ಮೇಲೆ ನಮ್ಮಮ್ಮ "ಇದು ಒಂದೆಲಗ ಕಣೋ!" ಅಂತ ಕೂಗಿದರು. ಹೌದು, ನಾವು ತಂಬುಳಿ ಮಾಡುವ ಅದೇ ಸೊಪ್ಪು.

ಕಾಫಿ ಮಾತ್ರ ಮರೆತುಬಿಡಿ. ಫಿಲ್ಟರು, ಪುಡಿ ಎರಡೂ ಇಲ್ಲಿಂದಲೇ ಒಯ್ಯಿರಿ. ಟೀಗೂ ಬಹಳ ಕಡೆ ಹಾಲಿನ ಪುಡಿಯೇ.

ಬಾಳೆಹೊನ್ನೂರು ಬೆಳೆಗಾರ

ಕಾಫಿ ವಿಷಯಕ್ಕೆ ಒಂದು ಮಾತು. ಒಂದು ಕಾಲದಲ್ಲಿ ಸಿಲೋನ್ ಅಂದರೆ ಕಾಫಿ, ಟೀ ಅಲ್ಲ. 1869ರಲ್ಲಿ ಎಲೆ ತುಕ್ಕು ರೋಗ ಕಾಣಿಸಿಕೊಂಡಿತು. ಮುಂದಿನ ಇಪ್ಪತ್ತು ವರ್ಷದಲ್ಲಿ ತೋಟಗಳು ಖಾಲಿ. ಆ ಜಾಗಕ್ಕೆಲ್ಲ ಟೀ ಬಂದದ್ದು ಆಮೇಲೆ. ಅದೇ ತುಕ್ಕು ಇವತ್ತಿಗೂ ನಮ್ಮ ಅರೇಬಿಕಾಗೆ ಕಾಟ ಕೊಡುತ್ತಿದೆ. ಈ ಸಲ ಮಳೆ ಬೇರೆ...

ನಿರ್ವಾಹಕ

ಬೆಳೆಗಾರರೇ, ಕೃಷಿ ವಿಭಾಗ ಬೇರೆ ಇದೆ.

ಬಾಳೆಹೊನ್ನೂರು ಬೆಳೆಗಾರ

ಕಾಫಿ ಕುಡಿಯುವಾಗ ಈ ವಿಭಾಗ ಎಲ್ಲಿರುತ್ತೆ ಸ್ವಾಮಿ?

ನಿವೃತ್ತ ಮೇಷ್ಟ್ರು

ತಾಯಿ, ನಿಮ್ಮ ತಾರೀಕನ್ನು ಯಾರೂ ಗಮನಿಸಿದ ಹಾಗಿಲ್ಲ. ಏಪ್ರಿಲ್ 13, 14 ಸಿಂಹಳೀಯರಿಗೂ ತಮಿಳರಿಗೂ ಹೊಸ ವರ್ಷ. ಮೇಷ ಸಂಕ್ರಮಣ. ತುಳುನಾಡಿನ ಬಿಸು, ಕೇರಳದ ವಿಷು ಎಲ್ಲಾ ಇದೇ ಲೆಕ್ಕ. ಅಲ್ಲಿ ಇದು ವರ್ಷದ ದೊಡ್ಡ ಹಬ್ಬ. ಎಲ್ಲರೂ ಊರಿಗೆ ಹೊರಡುತ್ತಾರೆ, ಬಸ್ಸು ರೈಲು ತುಂಬಿರುತ್ತವೆ. ಅಂಗಡಿ, ಹೋಟೆಲು ಎರಡು ಮೂರು ದಿನ ಬಾಗಿಲು. ಸುತ್ತಾಡುವವರಿಗೆ ಆ ವಾರ ತೊಂದರೆಯೇ. ಒಂದೇ ಕಡೆ ಕೂರುವವರಿಗೆ ಏನೂ ಇಲ್ಲ.

ಇನ್ನೂ ಒಂದು ಸ್ವಾರಸ್ಯ ಇದೆ. ಹಳೆಯ ವರ್ಷ ಮುಗಿದು ಹೊಸದು ಹುಟ್ಟುವ ನಡುವಿನ ಹೊತ್ತಿಗೆ ನೊನಗತೆ ಅನ್ನುತ್ತಾರೆ. ಅದು 12 ಗಂಟೆ 48 ನಿಮಿಷ. ಯಾಕೆ ಅಷ್ಟು ನಿಖರ? ಸೂರ್ಯನ ಬಿಂಬದ ಅಗಲ ಸುಮಾರು 32 ಕಲೆ. ಸೂರ್ಯ ದಿನಕ್ಕೆ ಸುಮಾರು 1 ಡಿಗ್ರಿ, ಅಂದರೆ 60 ಕಲೆ ಸಾಗುತ್ತಾನೆ. 60 ಕಲೆಗೆ 24 ಗಂಟೆಯಾದರೆ 32 ಕಲೆಗೆ ಎಷ್ಟು? ಲೆಕ್ಕ ಹಾಕಿ. ಬಿಂಬದ ಮುಂಚಿನ ಅಂಚು ಮೇಷಕ್ಕೆ ತಾಗಿದಾಗಿನಿಂದ ಹಿಂದಿನ ಅಂಚು ಮೀನ ಬಿಡುವವರೆಗಿನ ಹೊತ್ತು ಅದು. ಅದರ ಮೊದಲರ್ಧದಲ್ಲಿ ಒಲೆ ಹಚ್ಚುವಂತಿಲ್ಲ, ಉಣ್ಣುವಂತಿಲ್ಲ, ಯಾವ ಕೆಲಸವೂ ಕೂಡದು. ಸುಮ್ಮನೆ ಇರಬೇಕು. ಇಲ್ಲವೇ ಬೌದ್ಧ ವಿಹಾರಕ್ಕೆ, ಅಂದರೆ ಅವರ ದೇವಸ್ಥಾನಕ್ಕೆ, ಹೋಗಬೇಕು.

ನಿಮ್ಮ ಮಾವನವರಿಗೆ ಇದನ್ನು ಓದಿ ಹೇಳಿ. ಗಡಿಯಾರದವರು, ಖುಷಿಪಡುತ್ತಾರೆ.

ಚಾಮರಾಜಪೇಟೆ ಚುರುಮುರಿ

ಸೋಮಾರಿತನಕ್ಕೆ ಇಡೀ ದೇಶವೇ ಮುಹೂರ್ತ ಇಡುತ್ತೆ ಅಂತ ಮೊದಲೇ ಯಾಕೆ ಹೇಳಲಿಲ್ಲ ಮೇಷ್ಟ್ರೇ. ನಾನು ವಲಸೆ ಹೋಗಿರುತ್ತಿದ್ದೆ.

ಹನುಮಂತನಗರದ ಸೊಸೆ

ಮೇಷ್ಟ್ರೇ, ಓದಿ ಹೇಳಿದೆ. ಮಾವ ಒಂದು ಚೀಟಿ ತೆಗೆದುಕೊಂಡು ಲೆಕ್ಕ ಹಾಕಿದರು. 12 ಗಂಟೆ 48 ನಿಮಿಷ ಸರಿಯಾಗಿ ಬಂತು. "ಹಾಂ" ಅಂದರು. ಅಷ್ಟೇ. ಆದರೆ ಕ್ಯಾಂಡಿ ಮಾತು ಆಮೇಲೆ ಎತ್ತಿಲ್ಲ.

ಕುಂದಾಪ್ರದೋನು

ತಮಾಷೆ ಸಾಕು, ಸಮುದ್ರದ ಬಗ್ಗೆ ಕೇಳಿಸಿಕೊಳ್ಳಿ. ಬೆಂಗಳೂರಿನವರು ನೀರಿಗಿಳಿದರೆ ನಮಗೆ ಎದೆ ಡವಡವ.

ಲಂಕಾದ ದಕ್ಷಿಣ, ಪಶ್ಚಿಮ ಕರಾವಳಿಗೆ ನಮ್ಮ ಮುಂಗಾರೇ ಹೊಡೆಯೋದು. ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗೆ ಅಲ್ಲಿ ಸಮುದ್ರ ಒರಟು. ಡಿಸೆಂಬರ್‌ನಿಂದ ಏಪ್ರಿಲ್ ಮಧ್ಯದವರೆಗೆ ಒಳ್ಳೆಯದು. ನೀವು ಹೋಗುವುದು ಕೊನೆಯ ಹೊತ್ತಿನಲ್ಲಿ, ಮಧ್ಯಾಹ್ನದ ಮೇಲೆ ಗುಡುಗು ಮಳೆ ಬರಬಹುದು. ಉಣವಟುನದ ಕೊಲ್ಲಿ ಬಾಗಿದೆ, ಅಡ್ಡ ಬಂಡೆ ಸಾಲಿದೆ, ಅದಕ್ಕೇ ಅಲ್ಲಿ ಅಲೆ ಕಡಿಮೆ. ಮಗು ಇರುವವರಿಗೆ ಒಳ್ಳೆ ಜಾಗವನ್ನೇ ಆರಿಸಿದ್ದೀರಿ. ಆದರೆ ಪಕ್ಕದ ತೀರಗಳೆಲ್ಲ ಹಾಗಿಲ್ಲ.

ಅಲೆಗಳ ನಡುವೆ ಒಂದು ಕಡೆ ನೀರು ನಯವಾಗಿ, ನೊರೆ ಇಲ್ಲದೆ, ಸ್ವಲ್ಪ ಕಪ್ಪಾಗಿ ಕಾಣುತ್ತಾ? ಅಲ್ಲೇ ಸೆಳೆತ ಇರೋದು. ಗೊತ್ತಿಲ್ಲದವರು "ಇಲ್ಲಿ ಅಲೆ ಇಲ್ಲ" ಅಂತ ಸರಿಯಾಗಿ ಅಲ್ಲೇ ಇಳಿಯುತ್ತಾರೆ. ಸಿಕ್ಕಿಕೊಂಡರೆ ದಡದ ಕಡೆಗೆ ಒದ್ದಾಡಬೇಡಿ, ಸುಸ್ತಾಗಿ ಮುಳುಗುತ್ತೀರಿ. ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ. ಸೆಳೆತದ ಅಗಲ ದಾಟಿದ ಮೇಲೆ ಅಲೆಯೇ ದಡಕ್ಕೆ ತರುತ್ತೆ. ಈಜು ಬಾರದಿದ್ದರೆ ತೇಲಿಕೊಂಡು ಕೈ ಎತ್ತಿ. ಕೆಂಪು ಬಾವುಟ ಇದ್ದರೆ ಇಳಿಯಲೇಬೇಡಿ. ಕುಡಿದು ಅಂತೂ ಇಳಿಯಲೇಬೇಡಿ. ಇದನ್ನು ಯಾರಿಗೆ ಹೇಳುತ್ತಿದ್ದೇನೆ ಅಂತ ಅವರಿಗೆ ಗೊತ್ತಿದೆ.

ಟೂರ್ ತಿಮ್ಮ

ನನ್ನನ್ನೇ ಯಾಕೆ ನೋಡ್ತೀರಿ.

ಮಲ್ಲೇಶ್ವರ 8ನೇ ಕ್ರಾಸ್

ವೀಸಾ ಬಗ್ಗೆ. ಹೊರಡುವ ಮೊದಲೇ ಆನ್‌ಲೈನ್‌ನಲ್ಲಿ ಇಟಿಎ (ಪ್ರಯಾಣಕ್ಕೆ ಮುಂಗಡ ಅನುಮತಿ) ಮಾಡಿಸಿಕೊಳ್ಳಬೇಕು. ಲಂಕಾ ಸರ್ಕಾರದ ಜಾಲತಾಣದಲ್ಲೇ ಮಾಡಿ. ಹುಡುಕಿದಾಗ ಅದರ ಹಾಗೇ ಕಾಣುವ ಖಾಸಗಿ ತಾಣಗಳು ಮೇಲೆ ಬರುತ್ತವೆ. ನಾನು ಅಂಥದ್ದೊಂದರಲ್ಲಿ ನಾಲ್ಕು ಜನಕ್ಕೆ ಸುಮ್ನೆ ದುಡ್ಡು ಕಳೆದುಕೊಂಡೆ. ನಿಯಮವೂ ಶುಲ್ಕವೂ ಆಗಾಗ ಬದಲಾಗುತ್ತವೆ, ಇಲ್ಲಿ ಯಾರೋ ಹೇಳಿದರು ಅಂತ ನಂಬಬೇಡಿ, ನನ್ನನ್ನೂ ಸೇರಿಸಿ.

2024ರ ಫೆಬ್ರವರಿಯಿಂದ ಅಲ್ಲಿ ನಮ್ಮ ಯುಪಿಐ ನಡೆಯುತ್ತೆ. ಹಾಗಂತ ಎಳನೀರಿನವನ ಹತ್ತಿರ ಫೋನ್ ತೋರಿಸಬೇಡಿ, ಅವರ ರೂಪಾಯಿ ನೋಟು ಇಟ್ಟುಕೊಂಡಿರಿ. ನಮ್ಮ 1 ರೂಪಾಯಿಗೆ ಅವರದು ಮೂರಕ್ಕಿಂತ ಜಾಸ್ತಿ. ಮೊದಲ ದಿನ ಬಿಲ್ ನೋಡಿ ಅತ್ತೆಯವರಿಗೆ ತಲೆ ತಿರುಗಬಹುದು, ಮೊದಲೇ ಹೇಳಿಡಿ.

ಎರಡು ಮಕ್ಕಳ ತಾಯಿ

ಅತ್ತೆಯವರಿಗೆ ಏರ್‌ಪೋರ್ಟಿನಲ್ಲಿ ಗಾಲಿಕುರ್ಚಿ ಕೇಳಿ, ಟಿಕೆಟ್ ಮಾಡಿಸುವಾಗಲೇ ಹೇಳಿದರೆ ಕೊಡುತ್ತಾರೆ, ದುಡ್ಡಿಲ್ಲ. ನಮ್ಮ ಎರಡನೇ ಟರ್ಮಿನಲ್‌ನಲ್ಲಿ ನಡೆಯೋದೂ ಬಹಳ ಇದೆ. "ನನಗೇನಾಗಿದೆ, ನಾನು ನಡೀತೀನಿ" ಅಂತಾರೆ. ಕೇಳಬೇಡಿ.

ಬೈಟೂ ಕಾಫಿ

ಅತ್ತೆಯವರಿಗೆ ಇನ್ನೊಂದು ಸುದ್ದಿ. ಹನುಮಂತ ಸಂಜೀವಿನಿ ಬೆಟ್ಟ ಹೊತ್ತು ಬರುವಾಗ ಒಂದು ತುಂಡು ಉಣವಟುನದ ಪಕ್ಕದಲ್ಲಿ ಬಿತ್ತು, ಅದೇ ರುಮಸ್ಸಲ ಗುಡ್ಡ ಅಂತ ಅಲ್ಲಿಯವರ ನಂಬಿಕೆ. ಸಿಂಹಳದಲ್ಲಿ "ಒನ್ನ ವೆಟುನಾ" ಅಂದರೆ "ಅಗೋ ಬಿತ್ತು" ಅಂತ. ಅದರಿಂದಲೇ ಊರಿಗೆ ಆ ಹೆಸರು ಬಂತು ಅನ್ನುತ್ತಾರೆ. ಹನುಮಂತನಗರದವರು ಹುಡುಕಿಕೊಂಡು ಅಲ್ಲಿಗೇ ಹೊರಟಿದ್ದೀರಿ, ನೋಡಿ.

ಹನುಮಂತನಗರದ ಸೊಸೆ

ಅತ್ತೆ ಇದನ್ನು ಕೇಳಿ ಪಕ್ಕದ ಮನೆಯವರಿಗೆ "ನಾವು ಸಂಜೀವಿನಿ ಬೆಟ್ಟಕ್ಕೆ ಹೋಗ್ತಿದ್ದೀವಿ" ಅಂತ ಹೇಳಿಯಾಯಿತು. ಬೀಚು ಅನ್ನೋ ಮಾತೇ ಇಲ್ಲ. ಟಿಕೆಟ್ ಮಾಡಿಸಿದೆವು. ಮಗನ ಪಾಸ್‌ಪೋರ್ಟ್ ಬರಲಿ ಅಂತ ಬೇಡಿಕೊಳ್ಳಿ.

ಟೂರ್ ತಿಮ್ಮ

6 ರಾತ್ರಿ. ಒಂದೇ ಕಡೆ. ಮೂರನೇ ದಿನ ಇಲ್ಲಿ ಬಂದು ಅಳಬೇಡಿ.

ಹನುಮಂತನಗರದ ಸೊಸೆ (ಏಪ್ರಿಲ್ 12, ಮಧ್ಯಾಹ್ನ 3.15)

ತಿಮ್ಮಣ್ಣ, ಮೂರನೇ ದಿನ. ಅಳುತ್ತಿಲ್ಲ. ಮಗನ ಪಾಸ್‌ಪೋರ್ಟ್ ಹೊರಡೋಕೆ ಹದಿನೈದು ದಿನ ಮುಂಚೆ ಬಂತು. ಜೋರು ಮಳೆ, ಎಲ್ಲರೂ ಮಲಗಿದ್ದಾರೆ. ಮಾವ ಒಬ್ಬರು ಎದ್ದಿದ್ದಾರೆ, ಜಗಲಿಯಲ್ಲಿ ವಾಚ್ ಬಿಚ್ಚಿ ಒರೆಸುತ್ತಿದ್ದಾರೆ.

ಸಿಲ್ಕ್‌ಬೋರ್ಡ್ ಸಂತ್ರಸ್ತ

ಸಮುದ್ರ ಕಾಣುತ್ತಾ ರೂಮಿನಿಂದ? ನಾವು ಹೋದ ಕಡೆ "ಸಮುದ್ರ ಕಾಣುವ ರೂಮು" ಅಂತ ದುಡ್ಡು ತಗೊಂಡರು. ಬಾತ್‌ರೂಮಿನಲ್ಲಿ ಬಕೆಟ್ ಬೋರಲು ಹಾಕಿ ಹತ್ತಿ ನಿಂತರೆ ಕಾಣುತ್ತಿತ್ತು.

ಹನುಮಂತನಗರದ ಸೊಸೆ

ರೂಮಿನಿಂದ ಕಾಣೋದಿಲ್ಲ, ಶಬ್ದ ಕೇಳುತ್ತೆ. ಹಿತ್ತಲಿನ ಬಾಗಿಲು ದಾಟಿದರೆ ಮೂವತ್ತು ಹೆಜ್ಜೆ. ಮಗ ಎಣಿಸಿದ್ದಾನೆ. ಅವನ ಹೆಜ್ಜೆಯಲ್ಲಿ ನಲವತ್ತೊಂದು.

ಹನುಮಂತನಗರದ ಸೊಸೆ (ಏಪ್ರಿಲ್ 19, ರಾತ್ರಿ 11.05)

ಬಂದೆವು. ಮೂರು ಸಲ ವಾಷಿಂಗ್ ಮೆಷಿನ್ ಹಾಕಿದರೂ ಬಟ್ಟೆಯಿಂದ ಮರಳು ಬರುತ್ತಿದೆ. ಕೇಳಿದವರಿಗೆಲ್ಲ ಒಟ್ಟಿಗೇ ಬರೆಯುತ್ತೇನೆ, ಉದ್ದ ಆಗುತ್ತೆ.

ಮೊದಲ ಎರಡು ದಿನ ಮಾವನದು ಒಂದೇ ಪ್ರಶ್ನೆ, "ಇವತ್ತಿನ ಪ್ರೋಗ್ರಾಂ ಏನು?" ಏನೂ ಇಲ್ಲ ಅಂದರೆ ಮುಖ ಸಣ್ಣಗಾಗುತ್ತಿತ್ತು. ಎರಡನೇ ದಿನ ಸಂಜೆ ಆಟೋದಲ್ಲಿ ಗಾಲೆ ಕೋಟೆಗೆ ಹೋದೆವು, ಹತ್ತೇ ಹದಿನೈದು ನಿಮಿಷ. 1588ರಲ್ಲಿ ಪೋರ್ಚುಗೀಸರು ಶುರು ಮಾಡಿದ್ದು, ಆಮೇಲೆ ಡಚ್ಚರು ಗಟ್ಟಿಯಾಗಿ ಕಟ್ಟಿದ್ದು. ಗೋಡೆಯ ಮೇಲೆ ನಡೆದುಕೊಂಡು ಹೋಗಿ ಲೈಟ್‌ಹೌಸ್ ಹತ್ತಿರ ಕೂತೆವು. ಅತ್ತೆ ಬುರುಜು ಹತ್ತಲಿಲ್ಲ, ಕೆಳಗೆ ಮರದ ನೆರಳಲ್ಲಿ ಕಡಲೆಕಾಯಿ ತಿಂದುಕೊಂಡು ಆರಾಮಾಗಿ ಇದ್ದರು. ಕೋಟೆಯ ಪಕ್ಕದಲ್ಲೇ ಕ್ರಿಕೆಟ್ ಮೈದಾನ. ಮುರಳೀಧರನ್ 2010ರಲ್ಲಿ 800ನೇ ವಿಕೆಟ್ ತೆಗೆದದ್ದು ಅಲ್ಲೇ, ಅದೂ ನಮ್ಮವರ ಮೇಲೆ. ಇದು ಯಾಕೆ ಹೇಳಿದೆ ಅಂತ ಮುಂದೆ ಗೊತ್ತಾಗುತ್ತೆ.

ಮನೆಯ ಒಡತಿಗೆ ನನ್ನದೇ ವಯಸ್ಸು. ಅವರ ಅಪ್ಪ ಜೊತೆಗಿದ್ದಾರೆ, ರೈಲ್ವೆಯಲ್ಲಿ ಇದ್ದು ನಿವೃತ್ತರಾದವರು. ಹಬ್ಬದ ಹಿಂದಿನ ದಿನ ಆಕೆ ಬಂದು, ನಾಳೆ ಇಷ್ಟು ಹೊತ್ತಿನಿಂದ ಇಷ್ಟು ಹೊತ್ತಿನವರೆಗೆ ಒಲೆ ಹಚ್ಚೋದಿಲ್ಲ, ಏನು ಬೇಕೋ ಮೊದಲೇ ಮಾಡಿ ಮುಚ್ಚಿಡುತ್ತೇನೆ ಅಂದರು. ನಾನು ತಟ್ಟೆ ತೊಳೆಯೋಕೆ ಹೋದರೆ ಕೈ ಹಿಡಿದು ತಡೆದರು. ತೊಳೆಯೋದೂ ಕೆಲಸವೇ ತಾನೆ! ಮದುವೆಯಾಗಿ 15 ವರ್ಷವಾಯಿತು, ತಟ್ಟೆ ತೊಳೆಯಬೇಡ ಅಂತ ಯಾರೂ ನನ್ನ ಕೈ ಹಿಡಿದಿರಲಿಲ್ಲ. ಯಜಮಾನರಿಗೂ ಹೇಳಿದ್ದೇನೆ ಇದನ್ನು.

ಆ ಹೊತ್ತಿನಲ್ಲಿ ಇಡೀ ಬೀದಿ ಸದ್ದಿಲ್ಲ. ಮಾವ ಮತ್ತು ಆ ಅಜ್ಜ ಇಬ್ಬರೂ ತೀರದಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತರು. ಅಜ್ಜನ ಇಂಗ್ಲಿಷ್ ಸ್ವಲ್ಪ, ಮಾವನದು ಕಾರ್ಖಾನೆ ಇಂಗ್ಲಿಷ್. ಒಂದು ಗಂಟೆ ಕಳೆದು ನೋಡಿದರೆ ಜೋರು ಜೋರು ಮಾತು. ಹೆದರಿಕೊಂಡು ಓಡಿದೆ. ಮುರಳಿ ದೊಡ್ಡವನಾ ಕುಂಬ್ಳೆ ದೊಡ್ಡವನಾ ಅಂತ ಜಗಳ. ಅಜ್ಜ 800 ಅಂದರೆ ಮಾವ "ಒಂದೇ ಇನ್ನಿಂಗ್ಸಲ್ಲಿ ಹತ್ತಕ್ಕೆ ಹತ್ತು, ಡೆಲ್ಲಿ, 1999" ಅಂತ ಮರಳಿನಲ್ಲಿ ಬರೆದು ತೋರಿಸುತ್ತಿದ್ದರು. ಅಲೆ ಬಂದು ಅಳಿಸಿಕೊಂಡು ಹೋದರೆ ಮತ್ತೆ ಬರೆಯೋದು. ಹೀಗೇ ನಾಲ್ಕು ಗಂಟೆ. ಊಟವೂ ಕೇಳಲಿಲ್ಲ, ಪ್ರೋಗ್ರಾಮೂ ಕೇಳಲಿಲ್ಲ.

ಒಲೆ ಹಚ್ಚುವ ಹೊತ್ತು ಇಡೀ ದೇಶಕ್ಕೆ ಒಂದೇ. ಯಾವ ದಿಕ್ಕಿಗೆ ಮುಖ, ಯಾವ ಬಣ್ಣದ ಬಟ್ಟೆ, ಎಲ್ಲಾ ಮೊದಲೇ ಹೇಳಿರುತ್ತಾರೆ. ಮಾವ ತಮ್ಮ ಹಳೆಯ ಎಚ್‌ಎಂಟಿ ಜನತಾ ವಾಚ್ ಹಿಡಿದು ಅಡುಗೆಮನೆ ಬಾಗಿಲಲ್ಲಿ ನಿಂತರು. ಊರೆಲ್ಲ ಪಟಾಕಿ ಸಿಡಿಯಿತು. ಮಾವನ ವಾಚಿನಲ್ಲಿ ಇನ್ನೂ 20 ಸೆಕೆಂಡ್ ಬಾಕಿ! ಅವರು "ಊರಿನವರೇ ಬೇಗ ಹೊಡೆದರು" ಅಂತ ಈಗಲೂ ಹೇಳುತ್ತಾರೆ. ಮಣ್ಣಿನ ಮಡಕೆಯಲ್ಲಿ ಹಾಲು ಉಕ್ಕಿಸಿದರು, ಥೇಟ್ ನಮ್ಮ ಗೃಹಪ್ರವೇಶ. ಆಮೇಲೆ ತೆಂಗಿನ ಹಾಲಲ್ಲಿ ಬೇಯಿಸಿದ ಕಿರಿಬತ್, ಬಾಳೆಹಣ್ಣು, ಕವುಂ, ಕೊಕಿಸ್. ಕವುಂ ಅಂದರೆ ನಮ್ಮ ಕಜ್ಜಾಯದ ದೊಡ್ಡಕ್ಕ. ಅತ್ತೆ ಯಾವ ಅನುಮಾನವೂ ಇಲ್ಲದೆ ತಿಂದ ಊಟ ಅದು.

ಬೇರೆ ಸುದ್ದಿ: ಯಜಮಾನರು ಬಂಡೆ ಮೇಲೆ ಕಾಲಿಟ್ಟು ಮುಳ್ಳುಚೆಂಡಿನಂಥ ಕಡಲಜೀವಿ ತುಳಿದರು. ಬಿಸಿನೀರಲ್ಲಿ ಕಾಲಿಟ್ಟುಕೊಂಡು ಒಂದು ದಿನ ಕುಂಟಿದರು. ಮಗಳು ವೆಲಿಗಾಮದಲ್ಲಿ ಸರ್ಫಿಂಗ್ ಕಲಿಯೋಕೆ ಒಂದು ಬೆಳಿಗ್ಗೆ ಹೋದಳು, ಮೂರು ಸಲ ನಿಂತಳು, ಮೂವತ್ತು ಸಲ ಬಿದ್ದಳು. ರುಮಸ್ಸಲಕ್ಕೆ ಆಟೋ ಹೋಗುತ್ತೆ. ಮೇಲೆ ಜಪಾನಿನ ಭಿಕ್ಷುಗಳು ಕಟ್ಟಿದ ಬಿಳಿ ಸ್ತೂಪ ಇದೆ. ಅತ್ತೆ ಅಲ್ಲಿಂದ ಯಾವುದೋ ಸೊಪ್ಪು ಕಿತ್ತು ಪರ್ಸಿನಲ್ಲಿ ಇಟ್ಟುಕೊಂಡರು. ಮಂಡಿಗೆ ಕಟ್ಟಿಕೊಂಡು ಮಲಗಿದರು. ನೋವು ಕಡಿಮೆ ಆಯಿತಾ ಅಂದರೆ "ನಿನಗೇನು ಗೊತ್ತು" ಅಂತಾರೆ. ಉಳಿದದ್ದನ್ನು ಅಲ್ಲೇ ಬಿಟ್ಟು ಬನ್ನಿ ಅಂತ ಒಪ್ಪಿಸೋದರಲ್ಲಿ ಸಾಕಾಯಿತು, ಸೊಪ್ಪು ಸದೆ ವಿಮಾನದಲ್ಲಿ ತರುವ ಹಾಗಿಲ್ಲವಲ್ಲ.

ಬಜ್ಪೆ ಬಾಯಮ್ಮ

ಕೊಕಿಸ್!! ಅಚ್ಚು ಎಣ್ಣೆಯಲ್ಲಿ ಅದ್ದಿ ಹೂವಿನ ಹಾಗೆ ಮಾಡ್ತಾರಲ್ಲ, ಅದೇ ತಾನೆ? ನಮ್ಮ ಕಡೆ ಕ್ರಿಸ್‌ಮಸ್‌ಗೆ ಮಾಡಿ ಹಂಚುವ ತಿಂಡಿಗಳಿಗೆ ಕುಸ್ವಾರ್ ಅನ್ನುತ್ತೇವೆ, ಅದರಲ್ಲಿ ಇದು ಇರಲೇಬೇಕು. ನಾವು ಕೊಕ್ಕಿಸಾಂ ಅನ್ನುತ್ತೇವೆ. ಹೆಸರೂ ಅದೇ! ಯಾವ ಹಡಗಲ್ಲಿ ಎಲ್ಲಿಂದ ಎಲ್ಲಿಗೆ ಹೋಯಿತೋ.

ನಿವೃತ್ತ ಮೇಷ್ಟ್ರು

ಮಾವನವರ ವಾಚಿನದು ತಪ್ಪಲ್ಲ. ಕೀ ಕೊಡುವ ವಾಚು ದಿನಕ್ಕೆ 20 ಸೆಕೆಂಡ್ ಆಚೀಚೆ ಆಗುವುದು ಸಹಜ. ನನ್ನ ನಮಸ್ಕಾರ ತಿಳಿಸಿ.

ಹನುಮಂತನಗರದ ಸೊಸೆ

ತಿಳಿಸಿದೆ. "ಜನತಾ ಹಾಗೆಲ್ಲ ಹಿಂದೆ ಬೀಳೋದಿಲ್ಲ" ಅಂದರು.

ಕುಂದಾಪ್ರದೋನು

ಅಂತೂ ಯಾರೂ ಸೆಳೆತಕ್ಕೆ ಸಿಗಲಿಲ್ಲ, ಅಷ್ಟು ಸಾಕು. ಮೀನು ತಿನ್ನುವವರು ಯಾರೂ ಇರಲಿಲ್ಲವಾ ನಿಮ್ಮಲ್ಲಿ? ಅಂಬುಲ್ ತಿಯಲ್ ಅಂತ ಹುಳಿ ಮೀನು ಮಾಡುತ್ತಾರೆ, ಅದಕ್ಕೆ ಹಾಕುವ ಗೊರಕ ನಮ್ಮ ಉಪ್ಪಾಗೆ. ಅದನ್ನು ತಿನ್ನದೆ ಬಂದಿರಲ್ಲ.

ಹನುಮಂತನಗರದ ಸೊಸೆ

ಯಜಮಾನರು ಗಾಲೆಯಲ್ಲಿ "ಎಟಿಎಂ ಹುಡುಕಿಕೊಂಡು ಬರ್ತೀನಿ" ಅಂತ ಮುಕ್ಕಾಲು ಗಂಟೆ ಕಾಣೆಯಾಗಿದ್ದರು. ನಾನೇನೂ ಕೇಳಲಿಲ್ಲ.

ಬಾಳೆಹೊನ್ನೂರು ಬೆಳೆಗಾರ

ಎಮ್ಮೆ ಮೊಸರಿಗೆ ಕಿತುಲ್ ಬೆಲ್ಲದ ಪಾಕ ಹಾಕಿಕೊಂಡು ತಿಂದಿರಾ? ಕಿತುಲ್ ಅಂದರೆ ನಮ್ಮ ಬೈನೆ ಮರ. ನಮ್ಮ ತೋಟದಲ್ಲಿ ಹತ್ತಿಪ್ಪತ್ತು ಇವೆ, ನಾವು ಮೆಣಸು ಬಳ್ಳಿ ಹಬ್ಬಿಸಿ ಸುಮ್ನಾಗಿದ್ದೇವೆ. ಅವರು ಅದರಿಂದ ಪಾಕ ತೆಗೆದು ಸೀಸೆಗೆ ತುಂಬಿ ಮಾರುತ್ತಾರೆ. ನಿರ್ವಾಹಕರೇ, ಇದು ಪ್ರವಾಸದ ವಿಷಯ, ಕೃಷಿ ಅಲ್ಲ.

ಹನುಮಂತನಗರದ ಸೊಸೆ

ತಿಂದೆವು! ಮಣ್ಣಿನ ಕುಡಿಕೆಯಲ್ಲಿ ಗಟ್ಟಿ ಮೊಸರು. ಮಗ ಕುಡಿಕೆ ತೊಳೆದು ತಂದಿದ್ದಾನೆ, ಈಗ ಅದರಲ್ಲಿ ಕಪ್ಪೆಚಿಪ್ಪು ಇದೆ. ಪಾಕದ ಸೀಸೆ ಎರಡು ತಂದೆವು, ಒಂದು ಸೂಟ್‌ಕೇಸಿನಲ್ಲಿ ಸೋರಿ ಮಾವನ ಪಂಚೆಗೆ ಸಮರ್ಪಣೆ.

ಚಾಮರಾಜಪೇಟೆ ಚುರುಮುರಿ

ನಾದಿನಿಯ ಗಂಡ ಏನಂದರು ಅದನ್ನು ಹೇಳಿ ಮೊದಲು.

ಹನುಮಂತನಗರದ ಸೊಸೆ

"ಸಿಗಿರಿಯಾ ನೋಡಲಿಲ್ಲ ತಾನೆ?" ಅಂದರು. ಇಲ್ಲ ಅಂದೆ. "ನೋಡಿ, ನಾನು ಹೇಳಿದ್ದೆ" ಅಂದರು. ಮಾವ ಒಳಗಿನಿಂದ "ಕುಂಬ್ಳೆಗೆ ಒಟ್ಟು ಎಷ್ಟು ವಿಕೆಟ್?" ಅಂತ ಕೂಗಿದರು. 619 ಅಂದೆ. ಅಜ್ಜನಿಗೆ ಮೆಸೇಜ್ ಕಳಿಸುತ್ತಿದ್ದರು.

ಟೂರ್ ತಿಮ್ಮ

ಸರಿ, ಚೆನ್ನಾಗಿತ್ತು ಅಂತಲೇ ಇಟ್ಟುಕೊಳ್ಳೋಣ. ಆದರೆ ಬರೀ ಹತ್ತು ಫೋಟೋ ಹಾಕಿದ್ದೀರಿ, ಅದರಲ್ಲಿ ನಾಲ್ಕು ಕುರ್ಚಿಯದು.

ಹೊಸಬ 2 (ಏಪ್ರಿಲ್ 27, ಬೆಳಿಗ್ಗೆ 9.20)

ತುಂಬಾ ಒಳ್ಳೆಯ ಚರ್ಚೆ. ನಾವೂ ಜುಲೈನಲ್ಲಿ ಉಣವಟುನಕ್ಕೆ ಹೋಗೋಣ ಅಂತ ಇದ್ದೇವೆ. ಸಮುದ್ರ ಶಾಂತವಾಗಿರುತ್ತಾ?

ಮಲ್ಲೇಶ್ವರ 8ನೇ ಕ್ರಾಸ್

ಮೇಲೆ ಓದಿ.

ಸಿಲ್ಕ್‌ಬೋರ್ಡ್ ಸಂತ್ರಸ್ತ

ಮೇಲೆ ಓದಿ.

ಕುಂದಾಪ್ರದೋನು

ಜುಲೈಯಲ್ಲಿ ಅಲ್ಲಿ ಮುಂಗಾರು ಮಾರಾಯ್ರೆ! ಆಗ ಪೂರ್ವ ಕರಾವಳಿಗೆ ಹೋಗಿ. ಟ್ರಿಂಕಾಮಲಿ, ಪಾಸಿಕುಡ. ಅಲ್ಲಿ ಆ ಹೊತ್ತಿಗೆ ಸಮುದ್ರ ಕೆರೆಯ ಹಾಗಿರುತ್ತೆ. ಪಾಸಿಕುಡದಲ್ಲಿ ಬಹಳ ದೂರ ನಡೆದರೂ ಸೊಂಟದ ಮಟ್ಟಕ್ಕೇ ನೀರು.

ಹೊಸಬ 2

ಥ್ಯಾಂಕ್ಸ್ ಸರ್. ಅಲ್ಲಿ ಎಷ್ಟು ರಾತ್ರಿ ಇದ್ದರೆ ಸಾಕು? ಒಂದಾ, ಎರಡಾ?